ಗುರುಬಸಪ್ಪನವರ ನಾಲ್ಕು ಸಾಲು

ಅಕ್ಟೋಬರ್ 8, ಬುಧವಾರ

ಇವತ್ತೂ ಸೀಟಿಲ್ಲ. ಕುಮಾರಸ್ವಾಮಿ ಲೇಔಟಿನಿಂದ ಜಯನಗರದವರೆಗೆ ನಿಂತೇ ಬಂದೆ. ಪಕ್ಕದ ಆಂಟಿ ಕೇಳಿದರು, ಏನು ಕೆಲಸ ಅಂತ. "ಆಂಗ್ಲಿಕನ್, ಲೂಥರನ್ ಅಂತ ಕ್ರಿಶ್ಚಿಯನ್ನರಲ್ಲೇ ಎರಡು ಪಂಗಡ. ಆ ಎರಡೂ ಕಡೆ ಪಂಡಿತರು ಸೇರಿ ಒಂದು ಸಂಘ ಮಾಡ್ಕೊಂಡಿದ್ದಾರೆ. ಅವರು ವಾದ ಮಾಡ್ತಾರೆ, ನಾನು ಮಿನಿಟ್ಸ್ ಬರ್ಕೋತೀನಿ" ಅಂದೆ. "ಪಾಪ" ಅಂದರು. ಯಾರಿಗೆ ಪಾಪವೋ ತಿಳಿಯಲಿಲ್ಲ. ನೀವು ಯಾವ ಕಡೆ ಅಂತ ಬೇರೆ ಕೇಳಿದರು. ಎರಡೂ ಅಲ್ಲ, ನಾವು ಬೌದ್ಧರು. ಎರಡೂ ಕಡೆಗೆ ಸೇರದವರೇ ಮಿನಿಟ್ಸ್ ಬರೆಯಬೇಕು ಎಂದು ಸಂಘ ಕಟ್ಟಿದವರ ನಿಯಮ. ಹಾಗಾಗಿ ಹತ್ತೊಂಬತ್ತು ವರ್ಷದಿಂದ ಈ ಸುಧಾಮಣಿಯೇ ಬರೆಯುತ್ತಿದ್ದಾಳೆ.

ಅಧ್ಯಕ್ಷರು ಬಂದಿದ್ದರು — ಗುರುಬಸಪ್ಪ ಸರ್, ಆಂಗ್ಲಿಕನ್. ಖಾರಾ ಬನ್ ಕೊಟ್ಟು, ಎಂದಿನಂತೆ ಉಪಾಧ್ಯಕ್ಷರನ್ನು ಬೈದು ಹೋದರು. ಉಪಾಧ್ಯಕ್ಷರು ಯೇಸುಪಾದಂ ಸರ್, ಲೂಥರನ್. ಕುರ್ಚಿ ಎರಡು ವರ್ಷ ಈ ಕಡೆ, ಎರಡು ವರ್ಷ ಆ ಕಡೆ. ನವೆಂಬರ್ ಎಂಟಕ್ಕೆ ಯೇಸುಪಾದಂ ಸರ್ ಕೂರಬೇಕು.

ಕೂರಲಿ. ಅದೊಂದು ನೆಟ್ಟಗೆ ಆಗಲಿ.

ಅಕ್ಟೋಬರ್ 15, ಬುಧವಾರ

ಬೆಳಿಗ್ಗೆ ಏಳಕ್ಕೆ ಮನೆಯಿಂದಲೇ ಫೋನ್, ಸುದ್ದಗುಂಟೆಪಾಳ್ಯಕ್ಕೆ, ಯೇಸುಪಾದಂ ಸರ್ ಮನೆಗೆ. ಹೋದ ವರ್ಷದ ಮಿನಿಟ್ಸ್, ಮೂರನೇ ಪುಟ ಓದಿದೆ. ಯೇಸುಪಾದಂ ಸರ್ ತಿರುಗಿ ಒಪ್ಪಿಸಿದರು. ಎರಡೇ ತಪ್ಪು. ನನ್ನ ಮಗಳು ಶಾಲಿನಿ ಒಲೆ ಹತ್ತಿರದಿಂದ, "ಅಮ್ಮ, ನಂಗೂ ಬಾಯಿಪಾಠ ಆಗೋಯ್ತು" ಅಂದಳು.

ಈ ವಿಷಯ ಇಲ್ಲಿ ಬಿಟ್ಟು ಬೇರೆಲ್ಲೂ ಬರೆಯುವ ಹಾಗಿಲ್ಲ. ಯೇಸುಪಾದಂ ಸರ್‌ಗೆ ಅಕ್ಷರ ಕಾಣುವುದಿಲ್ಲ. ಆಗಸ್ಟಿನಲ್ಲಿ ನನ್ನ ಎದುರಿಗೇ ಸಹಿಯನ್ನು ಕಾಗದ ಬಿಟ್ಟು ಮೇಜಿನ ಮೇಲೆ ಹಾಕಿದರು. ಸುಮ್ಮನೆ ಒರೆಸಿದೆ. ಅವರೇ ಹೇಳಿದರು. "ಕಣ್ಣಿನ ನರ ಹೋಗಿದೆಯಂತೆ ಅಮ್ಮಾ. ಯಾರಿಗೂ ಹೇಳೋದು ಬೇಡ. ಗೊತ್ತಾದ್ರೆ ಶಾಲು ಹೊದಿಸಿ, ಗೌರವ ಸಲಹೆಗಾರ ಅಂತ ಮೂಲೇಲಿ ಕೂರಿಸ್ತಾರೆ. ನಮ್ಮ ಕಡೆ ಸರದಿ ಎರಡು ಸಲ ಬೇರೆಯವರಿಗೆ ಹೋಯ್ತು. ಇದೊಂದ್ಸಲ ನಾನು ಕೂತ್ಕೋಬೇಕು."

ತೊಡಕು ಒಂದೇ. ಹೊಸ ಅಧ್ಯಕ್ಷರು ಹೋದ ವರ್ಷದ ಮಿನಿಟ್ಸನ್ನು ಸಭೆಯ ಮುಂದೆ ನಿಂತು ಓದಬೇಕು. ಹಳೆಯವರು ಇನ್ನೊಂದು ಪ್ರತಿ ಹಿಡಿದು ಸಾಲು ಸಾಲಾಗಿ ನೋಡಬೇಕು. ಒಂದು ಸಾಲು ತಪ್ಪಿದರೂ ನಿಲ್ಲಿಸಬೇಕು. ಆಮೇಲೆ ಇಬ್ಬರ ಸಹಿ, ಆಮೇಲೆ ಕುರ್ಚಿ. ಆರು ಪುಟ. ಅಷ್ಟೂ ಬಾಯಿಪಾಠ ಆಗಬೇಕು. ಯೇಸುಪಾದಂ ಸರ್‌ಗೆ ವಯಸ್ಸು ಎಪ್ಪತ್ತೊಂದು.

ನವೆಂಬರ್ 5, ಬುಧವಾರ

ಆರೂ ಪುಟ. ಒಂದೂ ತಪ್ಪಿಲ್ಲ. ಶಾಲಿನಿ ಫೋನಿಗೆ ಬಾಯಿಟ್ಟು "ಅಂಕಲ್, ಸಖತ್" ಅಂದಳು. ಆ ಕಡೆ ಅವರು ನಕ್ಕಿದ್ದೇ ನಕ್ಕಿದ್ದು. "ಬೈಬಲ್ ಕೂಡ ಇಷ್ಟು ಚೆನ್ನಾಗಿ ಬರಲ್ಲ ನಂಗೆ. ಹೇಳ್ಬೇಡಿ ಯಾರಿಗೂ." ಇನ್ನೊಂದು ಗುಟ್ಟು. ಖುಷಿಯಾಗಿದೆ. ಯಾಕೋ ನಾನೇ ಪರೀಕ್ಷೆ ಪಾಸಾದ ಹಾಗಿದೆ.

ನವೆಂಬರ್ 7, ಶುಕ್ರವಾರ

ನಾಲ್ಕು ಗಂಟೆಗೆ ಗುರುಬಸಪ್ಪ ಸರ್. ಕೈಯಲ್ಲಿ ಚೀಟಿ. ಪ್ರಭುಭೋಜನದ, ಅಂದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ, ಚರ್ಚೆಯಲ್ಲಿ ಅವರ ಆಕ್ಷೇಪಣೆ ಮಿನಿಟ್ಸಿನಲ್ಲಿ ಬಿಟ್ಟುಹೋಗಿದೆ ಅಂತ ಎಂಟು ತಿಂಗಳಿಂದ ಗೋಳು. ಕ್ರಿಸ್ತನು ರೊಟ್ಟಿಯ ಒಳಗೋ, ರೊಟ್ಟಿಯ ಜೊತೆಗೋ — ಹತ್ತೊಂಬತ್ತು ವರ್ಷ ಬರೆದುಕೊಂಡರೂ ನನಗೆ ತೀರ್ಮಾನವಾಗಿಲ್ಲ. "ನಾಳೆ ಯೇಸುಪಾದಂ ಬಾಯಲ್ಲೇ ಅದನ್ನ ಕೇಳ್ಬೇಕು ಮೇಡಂ ನಾನು. ನಾಲ್ಕೇ ಸಾಲು." ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಹೇಳಿದ್ದು ನಿಜ. ತಪ್ಪು ನನ್ನದೇ. ನಾಲ್ಕನೇ ಪುಟಕ್ಕೆ ಸೇರಿಸಿದೆ. ಎರಡು ಪ್ರತಿ ತೆಗೆದೆ.

ಬನಶಂಕರಿಯಲ್ಲಿ ಇಳಿದೆ. ಅವರೆಕಾಯಿ ಬಂದಿದೆ. ಈ ವರ್ಷದ ಮೊದಲನೆಯದು, ಸೊಗಡು ಚೆನ್ನಾಗಿದೆ. ಶಾಲಿನಿ ಸುಲಿಯುತ್ತಿದ್ದಾಳೆ.

ನವೆಂಬರ್ 8, ಶನಿವಾರ. ಸಂಜೆ 6

ಮನೆಗೆ ಬಂದವಳೇ ಬರೆಯಲು ಕೂತೆ.

ನಾಲ್ಕು ಸಾಲು ಸೇರಿಸಿದ್ದನ್ನು ಯೇಸುಪಾದಂ ಸರ್‌ಗೆ ಓದಿ ಹೇಳಲಿಲ್ಲ. ಮರೆತೆ. ಬುಧವಾರ ಮಾತ್ರ ಓದುವ ರೂಢಿ, ಶುಕ್ರವಾರ ತಲೆಗೇ ಬರಲಿಲ್ಲ. ನೆನಪಾದದ್ದು ಅವರು ಎದ್ದು ನಿಂತ ಮೇಲೆ. ನನ್ನ ಬುದ್ಧಿಗಿಷ್ಟು.

ಒಂದು, ಎರಡು, ಮೂರು — ನೀರು ಕುಡಿದ ಹಾಗೆ ಹೇಳಿದರು. ನಾಲ್ಕನೇ ಪುಟ. ಗುರುಬಸಪ್ಪ ಸರ್ ಪೆನ್ನು ಹಿಡಿದು ಮುಂದಕ್ಕೆ ಬಾಗಿದರು. ತಮ್ಮ ಸಾಲುಗಳಿಗೆ ಕಾಯುತ್ತಿದ್ದರು. ಯೇಸುಪಾದಂ ಸರ್ ನೇರ ಮುಂದಿನ ಪ್ಯಾರಾಕ್ಕೆ ಹೋದರು.

ಗುರುಬಸಪ್ಪ ಸರ್ ಕೈಯೆತ್ತಿದರು. ಬಾಯಿ ತೆರೆದರು. ಆಗ ಅವರ ಕಣ್ಣು ಯೇಸುಪಾದಂ ಸರ್ ಕೈಗೆ ಹೋಯಿತು. ಅಲ್ಲಿ ಇನ್ನೂ ಮೊದಲನೇ ಪುಟವೇ ಇತ್ತು. ಒಂದು ಹಾಳೆಯನ್ನೂ ತಿರುಗಿಸಿರಲಿಲ್ಲ. ಅದನ್ನು ನಾವಿಬ್ಬರೂ ಅಭ್ಯಾಸ ಮಾಡಿರಲಿಲ್ಲ.

ಗುರುಬಸಪ್ಪ ಸರ್ ನನ್ನ ಕಡೆ ನೋಡಿದರು. ತಲೆ ತಗ್ಗಿಸಿದೆ.

ಎತ್ತಿದ ಕೈಯಿಂದ ಕನ್ನಡಕ ಸರಿಮಾಡಿಕೊಂಡರು. ಪೆನ್ನಿಗೆ ಕ್ಯಾಪ್ ಹಾಕಿದರು. ಆರೂ ಪುಟ ಮುಗಿದ ಮೇಲೆ ಎದ್ದು, "ಓದಿದಂತೆ ಅಂಗೀಕರಿಸಬಹುದು. ನನ್ನದು ಆಕ್ಷೇಪಣೆ ಏನೂ ಇಲ್ಲ" ಅಂದರು. ಚಪ್ಪಾಳೆ. ಅಭಿನಂದನೆ ಅನ್ನುತ್ತಾ ಯೇಸುಪಾದಂ ಸರ್ ಅವರ ಕೈಯನ್ನು ಹಿಡಿದರು, ಬಿಡದೆ ಹಾಗೇ ತಂದು ಸಹಿ ಹಾಕುವ ಜಾಗದ ಮೇಲೆ ಇಟ್ಟರು. ಯಾರಿಗೂ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಅತ್ತುಬಿಟ್ಟೆ. ಸೀಟು ಸಿಕ್ಕಿತ್ತು, ಪುಣ್ಯಕ್ಕೆ.

ನವೆಂಬರ್ 12, ಬುಧವಾರ. ಬೆಳಿಗ್ಗೆ 7.30

ರೂಢಿ. ಏಳಕ್ಕೆ ಫೋನ್ ಮಾಡಿದೆ. ಓದಲು ಏನೂ ಇರಲಿಲ್ಲ, ತಪ್ಪೊಪ್ಪಿಕೊಂಡೆ.

ಯೇಸುಪಾದಂ ಸರ್ ಕೇಳಿದರು, "ಗುರುಬಸಪ್ಪನ ಕೈಲಿ ಪ್ರತಿ ಇತ್ತಾ?"

"ಇತ್ತು ಸರ್."

"ಆದ್ರೂ ನಿಲ್ಲಿಸಲಿಲ್ಲ."

"ಇಲ್ಲ ಸರ್."

"ಮೂವತ್ತು ವರ್ಷದಲ್ಲಿ ನಂಗೆ ಒಂದು ಕಾಮಾ ಬಿಟ್ಕೊಟ್ಟವನಲ್ಲ ಅಮ್ಮಾ ಅವನು." ಹನ್ನೊಂದಕ್ಕೆ ಆಟೋದಲ್ಲಿ ಆಫೀಸಿಗೆ ಬರುತ್ತಾರಂತೆ. ಗುರುಬಸಪ್ಪ ಸರ್ ಕೂಡ ಇರಬೇಕಂತೆ.

ಅದೇ ದಿನ, 11.40. ಆಫೀಸು

ಇಬ್ಬರೂ ಬಂದಿದ್ದಾರೆ. ಖಾರಾ ಬನ್ ಆಯಿತು. ಜಗಳ ನಡೆಯುತ್ತಿದೆ. ನಾನು ನನ್ನ ಪಾಡಿಗೆ ಇಲ್ಲಿ ಬರೆಯುತ್ತಿದ್ದೇನೆ.

ಯೇಸುಪಾದಂ ಸರ್: "ಅಧ್ಯಕ್ಷನಾಗಿ ನಂದು ಮೊದಲನೇ ಆರ್ಡರ್. ಆ ನಾಲ್ಕು ಸಾಲು ಸೇರಿಸಿ. ನಂಗೆ ಕಣ್ಣು ಕಾಣಲ್ಲ, ಅದಕ್ಕೇ ಬಿಟ್ಟುಹೋಯ್ತು ಅಂತ ಕಾರಣಾನೂ ಬರೀರಿ."

ಗುರುಬಸಪ್ಪ ಸರ್: "ಅಂಗೀಕಾರ ಆದದ್ದನ್ನ ತಿದ್ದೋ ಹಾಗಿಲ್ಲ."

"ನಿನ್ನ ಆಕ್ಷೇಪಣೆ ಕಣಯ್ಯಾ ಅದು."

"ನಂದೇ. ನಂಗೇ ಬೇಡ."

"ಎಂಟು ತಿಂಗಳು ನನ್ನ ತಲೆ ತಿಂದೆಯಲ್ಲ."

"ಇನ್ನೂ ಎರಡು ವರ್ಷ ತಿಂತೀನಿ. ಅಲ್ಲೀವರೆಗೆ ನೀನು ಆ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ಬುಧವಾರ ನಾನೇ ಫೋನ್ ಮಾಡಿ ಓದಿ ಹೇಳ್ತೀನಿ."

"ನೀನು ಓದಿದ್ರೆ ನಿನ್ನ ಕಡೆಗೇ ಓದ್ತೀಯ. ಅಮ್ಮನೇ ಓದಲಿ."

ಸಮಾಧಾನವಾಯಿತು. ಬುಧವಾರ ನನ್ನದೇ.

ಈಗ ಇಬ್ಬರೂ ನನ್ನ ಕಡೆ ತಿರುಗಿದರು. ಎಲ್ಲ ಬರ್ಕೊಂಡ್ರಾ ಅಂತ. ಇದು ನನ್ನ ಸ್ವಂತ ಡೈರಿ ಸರ್ ಅಂದೆ. "ಹಾಗಾದ್ರೆ ಅದನ್ನೇ ಓದಿ" ಅಂದು ಯೇಸುಪಾದಂ ಸರ್ ಕುರ್ಚಿಗೆ ಒರಗಿದರು. ಗುರುಬಸಪ್ಪ ಸರ್ ಆಗಲೇ ಪೆನ್ನಿನ ಕ್ಯಾಪ್ ತೆಗೆದು ಕೂತಿದ್ದಾರೆ, ಒಂದು ಸಾಲು ತಪ್ಪಿದರೂ ನಿಲ್ಲಿಸಲು.