ನೀವು ಕ್ಯಾಂಟೀನ್ ಎಂದು ಬೀಗ ಹಾಕಿಸಿದ ಕೋಣೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನೀವು ಬೀಗ ಹಾಕಿಸಿರುವ ಕೋಣೆ ಕ್ಯಾಂಟೀನ್ ಅಲ್ಲ. ಅಂದು ನಿಮಗೆ ಚಹಾ ಮಾಡಿಕೊಟ್ಟ ಹೆಂಗಸು ಅಲ್ಲಿಯ ಕೆಲಸದವಳಲ್ಲ, ರೋಗಿ. ನನ್ನ ಒಡಹುಟ್ಟಿದ ಅಕ್ಕ. ಗೋಡೆಯ ಪಕ್ಕ ಸಾಲಾಗಿ ಕುಳಿತು ನಿಮ್ಮನ್ನೇ ಪಿಳಿಪಿಳಿ ನೋಡುತ್ತಿದ್ದ ನಾವು ಸೋಮಾರಿ ಸಿಬ್ಬಂದಿಯೂ ಅಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುತ್ತಾ ಹೋದಂತೆ ನನಗೆ ನಗು ತಡೆಯಲಾಗುವುದಿಲ್ಲ. ಪತ್ರ ಬರೆಯುತ್ತಿರುವುದು ಸಿಟ್ಟಿನಿಂದಲೇ, ಅದರಲ್ಲಿ ತಮಗೆ ಅನುಮಾನ ಬೇಡ. ಆದರೆ ಮೊನ್ನೆಯಿಂದ ನಮ್ಮ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಕುಳಿತರೂ ಕಿಸಕ್ಕನೆ ನಗು ಬಂದುಬಿಡುತ್ತದೆ. ಅದನ್ನು ಅಗೌರವವೆಂದು ಭಾವಿಸಬಾರದೆಂದು ವಿನಂತಿ.

ನಿಮ್ಮ ಆದೇಶದ ಪ್ರತಿಯನ್ನು ಬಾಗಿಲಿಗೆ ಅಂಟಿಸಿದ್ದಾರೆ. "ಅನಧಿಕೃತ ಕ್ಯಾಂಟೀನ್ ನಡೆಸಲಾಗುತ್ತಿದೆ. ದೈಹಿಕವಾಗಿ ಅಶಕ್ತರಾದವರಿಂದ ಕೆಲಸ ಮಾಡಿಸಲಾಗುತ್ತಿದೆ. ದೃಢಕಾಯರಾದ ಐವರು ಕೈ ಸಹ ಆಡಿಸದೆ ಕುಳಿತಿದ್ದರು. ಸೇವೆ ಅತಿ ವಿಳಂಬ. ಗ್ರಾಹಕರಿಂದಲೇ ಲೋಟ ತೊಳೆಸಲಾಗುತ್ತಿದೆ." ಮಾನ್ಯರೇ, ಮೊದಲ ವಾಕ್ಯವೊಂದನ್ನು ಬಿಟ್ಟರೆ ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕಣ್ಣಾರೆ ಕಂಡದ್ದನ್ನು ಕಂಡಂತೆಯೇ ಬರೆದೂ ಒಬ್ಬ ಮನುಷ್ಯ ಇಷ್ಟು ಸಂಪೂರ್ಣವಾಗಿ ತಪ್ಪಬಹುದೆಂದು ನನಗೆ ಈವರೆಗೆ ಗೊತ್ತಿರಲಿಲ್ಲ.

ನಾನು ಸುಟ್ಟುಹೋದ ಪಂಪ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿ ಹೊಟ್ಟೆ ಹೊರೆಯುವವನು. ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ, ದುಡಿದ ದುಡ್ಡಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಒಂದು ಪುಟ್ಟ ಮನೆ ಮಾಡಿಕೊಂಡು, ನಿವೃತ್ತಿಯ ನಂತರವೂ ಇಡೀ ಬೀದಿಯನ್ನು ಬಸ್ಸಿನಂತೆಯೇ ನಡೆಸುತ್ತಿದ್ದವಳು. ಕಳೆದ ವರ್ಷ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸೋತುಹೋದವು. ನಾಲಿಗೆ ಮಾತ್ರ ಕೂದಲೆಳೆಯಷ್ಟೂ ಸೋಲಲಿಲ್ಲ. ತುರ್ತು ವಾರ್ಡಿನ ಮಂಚದ ಮೇಲಿಂದಲೇ ಬಾಗಿಲಲ್ಲಿ ಗುಂಪುಗಟ್ಟಿದ್ದ ನೆಂಟರಿಗೆ, "ಅಲ್ಲೇ ಯಾಕ್ರೀ ನಿಂತಿದ್ದೀರಿ, ಒಳಗೆ ಜಾಗ ಇದೆ, ಮುಂದೆ ಬನ್ನಿ" ಅಂದಳು.

ನಾವು ಅವಳನ್ನು ನಮ್ಮ ಮನೆಗೆ ಕರೆತಂದೆವು. ಆಮೇಲೆ ಅವಳ ಮೇಲೆ ಪ್ರೀತಿಯ ದಾಳಿ ಮಾಡಿದೆವು. ನನ್ನ ಹೆಂಡತಿ ತಲೆ ಬಾಚಿದಳು, ನಾನು ತುತ್ತು ಕಲಸಿ ಬಾಯಿಗಿಟ್ಟೆ, ನೀರಿನ ಲೋಟದತ್ತ ಅವಳು ಕಣ್ಣು ಹಾಯಿಸಿದರೆ ಸಾಕು, ಲೋಟ ತುಟಿಗೆ ಬಂದಿರುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಅಕ್ಕ ಬೈಯುವುದನ್ನೇ ನಿಲ್ಲಿಸಿಬಿಟ್ಟಳು. ಆಗ ನಮಗೆ ನಿಜವಾಗಿಯೂ ಹೆದರಿಕೆಯಾಯಿತು. ದೂರದೂರಿನಲ್ಲಿರುವ ನಮ್ಮ ದೊಡ್ಡಣ್ಣ ಫೋನು ಮಾಡಿ, "ನೋಡೋ, ಇದೆಲ್ಲ ನಿನ್ನ ಕೈಲಿ ಆಗೋ ಕೆಲಸ ಅಲ್ಲ. ಒಂದು ಒಳ್ಳೇ ಆರೈಕೆ ಕೇಂದ್ರ ನೋಡಿದ್ದೀನಿ, ಅಲ್ಲಿ ಬಿಡೋಣ. ಎಲ್ಲ ಅವರೇ ಮಾಡ್ತಾರೆ" ಅಂದ. ಅಕ್ಕ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ಮಗ್ಗುಲಾದಳು. ಆಮೇಲೆ ನನ್ನನ್ನು ಕರೆದು ಕೇಳಿದ್ದು ಒಂದೇ: "ನನ್ನ ಮನೆಗೆ ನಾನು ಹೋಗಬೇಕು ಅಂದ್ರೆ ಏನು ಮಾಡಬೇಕೋ?"

ಅದಕ್ಕೆ ಉತ್ತರ ಹುಡುಕಿಕೊಂಡೇ ನಾವು ನಿಮ್ಮ ಮೂರನೇ ಮಹಡಿ ಹತ್ತಿದ್ದು. ಆಕ್ಯುಪೇಷನಲ್ ಥೆರಪಿ ಎಂದು ಬಾಗಿಲ ಮೇಲೆ ಫಲಕವಿದೆ. ನೀವು ಓದಲಿಲ್ಲವೆಂದು ದೂರುವುದಿಲ್ಲ. ಬಾಗಿಲು ತೆರೆದರೆ ಫಲಕ ಗೋಡೆಯ ಕಡೆ ತಿರುಗಿಬಿಡುತ್ತದೆ. ಉಡುವುದು, ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಒಲೆ ಹಚ್ಚುವುದು, ಇಂಥ ನಿತ್ಯದ ಕೆಲಸಗಳನ್ನು ಉಳಿದ ಶಕ್ತಿಯಲ್ಲೇ ಮಾಡಿಕೊಳ್ಳುವುದನ್ನು ಕಲಿಸುವ ಚಿಕಿತ್ಸೆ ಅದು. ಒಂದು ಮೂಲೆಯಲ್ಲಿ ಅಡುಗೆಮನೆ. ತರಕಾರಿ ಜಾರದಂತೆ ಚುಚ್ಚಿ ನಿಲ್ಲಿಸಲು ಮೊಳೆ ಹೊಡೆದ ಹಲಗೆ, ಸೈಕಲ್ ಹಿಡಿಕೆಯ ರಬ್ಬರು ತೊಡಿಸಿದ ದಪ್ಪ ಚಮಚಗಳು, ಪಾತ್ರೆ ಸರಿಯದಂತೆ ಅಡಿಯಲ್ಲಿ ಹಾಸುವ ಒದ್ದೆ ಬಟ್ಟೆ. ಇವುಗಳನ್ನೆಲ್ಲ ನೀವು ಕ್ಯಾಂಟೀನಿನ ಸಾಮಾನೆಂದು ಗಂಟು ಕಟ್ಟಿಸಿ ಒಯ್ದಿರಿ. ಮೊಳೆ ಹೊಡೆದ ಹಲಗೆ ಇಟ್ಟುಕೊಂಡು ವ್ಯಾಪಾರ ಮಾಡುವ ಕ್ಯಾಂಟೀನನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ?

ಅಲ್ಲಿ ರೋಗಿಗಳಿಗೆ ಒಂದು ಪಾಠವಾದರೆ, ಜೊತೆಗೆ ಬಂದ ನಮ್ಮಂಥವರಿಗೆ ಇನ್ನೊಂದು. ಥೆರಪಿಸ್ಟ್ ಮೇಡಂ ಮೊದಲ ದಿನವೇ ನನ್ನನ್ನೂ ನನ್ನ ಹೆಂಡತಿಯನ್ನೂ ಕುರ್ಚಿಯಲ್ಲಿ ಕೂರಿಸಿ, "ಎರಡೂ ಅಂಗೈ ತೊಡೆ ಕೆಳಗೆ ಇಟ್ಕೊಳ್ಳಿ. ಅದರ ಮೇಲೆ ಕೂತ್ಕೊಳ್ಳಿ. ನಾನು ಹೇಳೋವರೆಗೂ ತೆಗೀಬೇಡಿ" ಅಂದರು. ನಾವು ಪ್ರಾಣಾಯಾಮವೇನೋ ಎಂದುಕೊಂಡೆವು. ಅಷ್ಟರಲ್ಲಿ ಅಕ್ಕನ ಮುಂದೆ ಒಂದು ಮುಚ್ಚಿದ ಡಬ್ಬ ಇಟ್ಟರು. ಅಕ್ಕ ಅದನ್ನು ತೆರೆಯಲು ಪಟ್ಟ ಪಾಡು ನೋಡಲಾರದೆ ನನ್ನ ಕೈ ತೊಡೆಯ ಕೆಳಗೇ ಕುಣಿಯತೊಡಗಿತು. ಹೆಂಡತಿಯಂತೂ ಕಣ್ಣು ಮುಚ್ಚಿಕೊಂಡಳು. ಕೊನೆಗೆ ಅಕ್ಕ ಮೇಜಿನ ಡ್ರಾಯರಿನ ಸಂದಿಯಲ್ಲಿ ಡಬ್ಬ ಸಿಕ್ಕಿಸಿ, ಹೊಟ್ಟೆಯಿಂದ ಡ್ರಾಯರು ಒತ್ತಿ ಹಿಡಿದು, ಎಡಗೈಯಿಂದ ಮುಚ್ಚಳ ತಿರುಗಿಸಿದಳು. ಮುಚ್ಚಳ ಟಪ್ಪೆಂದು ಹಾರಿತು, ಒಳಗಿದ್ದ ಸಕ್ಕರೆ ನೆಲದ ಪಾಲಾಯಿತು, ಅಕ್ಕ ತಿಂಗಳುಗಳ ನಂತರ ಮೊದಲ ಬಾರಿಗೆ ನನ್ನನ್ನು ಬೈದಳು: "ಏನೋ ಬಾಯಿ ಬಿಟ್ಕೊಂಡು ನೋಡ್ತೀಯ, ಮಂಗ!" ಆ ಬೈಗುಳ ಕೇಳಿ ನಾನು ಅತ್ತುಬಿಟ್ಟೆ. ಇದನ್ನೇ ನಿಮ್ಮ ಇಲಾಖೆ ತನ್ನ ಕಡತಗಳಲ್ಲಿ ಆರೈಕೆದಾರರ ಆರೋಗ್ಯ ಶಿಕ್ಷಣ ಎಂದು ಕರೆಯುತ್ತದೆ.

ಈಗ ತಾವು ದಿಢೀರ್ ತಪಾಸಣೆಗೆಂದು ದಯಮಾಡಿಸಿದ ದಿನಕ್ಕೆ ಬರೋಣ. ಯಾರೋ ರೋಗಿಯ ಕೈಗೆ ಪಟ್ಟಿ ಹಾಕಲು ಮೇಡಂ ಕೆಳಗಿನ ವಾರ್ಡಿಗೆ ಹೋಗಿದ್ದರು. ಹೋಗುವ ಮುನ್ನ, "ನಾನು ಬರೋವರೆಗೂ ಕೈಯೂ ಆಡಬಾರದು, ಬಾಯಿಯೂ ಆಡಬಾರದು" ಎಂದು ನಮಗೆ ಕಟ್ಟಪ್ಪಣೆ ಮಾಡಿದ್ದರು. ಲಿಫ್ಟು ಕೆಟ್ಟಿತ್ತು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ, ಹೊಸ ಬೂಟು ಕಚ್ಚಿದ್ದರಿಂದಲೋ ಏನೋ ಒಂದು ಕಾಲು ಎಳೆಯುತ್ತಾ, ಬಲಗೈ ಜೇಬಿನಲ್ಲಿಟ್ಟುಕೊಂಡು ತಾವು ಒಳಗೆ ಬಂದಿರಿ. ಹೊಸ ರೋಗಿಯೆಂದುಕೊಂಡ ಅಕ್ಕನಿಗೆ ತಮ್ಮನ್ನು ನೋಡಿ ಕರುಳು ಚುರ್ ಎಂದಿತು.

"ಬನ್ನಿ, ಕೂತ್ಕೊಳ್ಳಿ ಸರ್. ಮೊದಲ ದಿನ ಎಲ್ಲರಿಗೂ ಹೀಗೇ ಸುಸ್ತಾಗುತ್ತೆ" ಅಂದಳು.

"ಒಂದು ಟೀ ಕೊಡಮ್ಮ. ಸಕ್ಕರೆ ಕಮ್ಮಿ" ಅಂದಿರಿ ತಾವು.

ನಾನು, ನನ್ನ ಹೆಂಡತಿ, ಬೇರೆ ರೋಗಿಗಳ ಮನೆಯವರು ಮೂವರು, ನಾವು ಐವರೂ ಅಂಗೈಗಳನ್ನು ತೊಡೆಯ ಕೆಳಗೆ ಇನ್ನಷ್ಟು ಒತ್ತಿಕೊಂಡೆವು. ಅಕ್ಕ ಅದುವರೆಗೆ ಒಮ್ಮೆಯೂ ಪೂರ್ತಿ ಒಂದು ಲೋಟ ಚಹಾ ಒಬ್ಬಳೇ ಮಾಡಿರಲಿಲ್ಲ. ಎಲ್ಲಾದರೂ ಒಂದು ಕಡೆ ಚೆಲ್ಲುತ್ತಿತ್ತು, ಇಲ್ಲವೇ ನಡುವೆಯೇ ದಣಿದು ಕುಳಿತುಬಿಡುತ್ತಿದ್ದಳು. ಅಂದು ಅವಳು ಸೊಂಟಕ್ಕೆ ಚೀಲ ಕಟ್ಟಿ ಡ್ಯೂಟಿಗೆ ಹೊರಟವಳ ಹಾಗೆ ಎದ್ದಳು. ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ಪಾತ್ರೆಯ ಪಕ್ಕ ಅಡ್ಡಲಾಗಿ ಇಟ್ಟುಕೊಂಡಳು. ಹಾಲು ಸುರಿದಳು, ಒಲೆ ಹಚ್ಚಿದಳು. ತಾವು ಗಡಿಯಾರ ನೋಡಿದಿರಿ. ಮತ್ತೆ ನೋಡಿದಿರಿ. ಆಮೇಲೆ, "ಎಷ್ಟು ಹೊತ್ತಮ್ಮಾ? ಟೀ ಎಲೆ ಈಗ ಬೆಳೆಸ್ತಾ ಇದ್ದೀಯಾ?" ಎಂದು ರೇಗಿದಿರಿ. ಮುಗಿಯಿತು, ಇನ್ನು ಅಕ್ಕ ಲೋಟ ಎತ್ತಿ ಎಸೆಯುತ್ತಾಳೆ ಅಂದುಕೊಂಡೆ. ಅಕ್ಕ ತಿರುಗಿ ಕೂಡ ನೋಡದೆ ಹೇಳಿದಳು: "ಅಷ್ಟು ಅರ್ಜೆಂಟಿದ್ರೆ ಇದಕ್ಕೆ ಮುಂಚಿನ ಬಸ್ಸಿಗೇ ಹತ್ತಬೇಕಿತ್ತು ಸರ್."

ಚಹಾ ಬಂತು. ತಾವು ಕುಡಿದು, "ಸಕ್ಕರೆ ಜಾಸ್ತಿ" ಅಂದಿರಿ. "ಲೋಟ ತೊಳೆದಿಡಿ ಸರ್, ಇಲ್ಲಿ ಅವರವರ ಲೋಟ ಅವರವರೇ ತೊಳೆಯೋದು" ಅಂದಳು ಅಕ್ಕ. ಅವಳ ದನಿಯೇ ಅಂಥದ್ದು. ಅದಕ್ಕೆ ಎದುರಾಡಿದ ಪ್ರಯಾಣಿಕ ಹುಟ್ಟಿಲ್ಲ. ತಾವು ಎದ್ದು ಹೋಗಿ ತೊಳೆದಿರಿ. "ಭಲೇ! ಮೊದಲ ದಿನಕ್ಕೇ ಎಷ್ಟು ನೀಟಾಗಿ ತೊಳೆದ್ರಿ!" ಎಂದು ಅಕ್ಕ ಹುರಿದುಂಬಿಸಿದಳು. ಮೂಲೆಯಲ್ಲಿ ಒಂದೇ ಕೈಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದ ನಿವೃತ್ತ ಬಡಗಿ ಮೇಜು ಕುಟ್ಟಿದರು. ನಾವು ಐವರೂ ಮೇಡಂ ಅಪ್ಪಣೆ ಮುರಿದು ಕೈ ಹೊರತೆಗೆದು ಚಪ್ಪಾಳೆ ತಟ್ಟಿದೆವು. ತಾವು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದಿರಿ. ತಾವು ಯಾರೆಂದು ನಮಗೆ ತಿಳಿದದ್ದು ಬಾಗಿಲಿಗೆ ಬೀಗ ಬಿದ್ದಾಗಲೇ.

ಮಾನ್ಯರೇ, ಇಲ್ಲಿ ನಾನು ತಮಗೆ ಒಂದು ಕೃತಜ್ಞತೆ ಹೇಳಲೇಬೇಕು, ವ್ಯಂಗ್ಯವಿಲ್ಲದೆ. ವರ್ಷದಿಂದ ಅಕ್ಕನಿಗೆ ಎಲ್ಲರೂ "ಅಯ್ಯೋ ಪಾಪ" ಅನ್ನುತ್ತಿದ್ದರು, ಚಮಚ ಎತ್ತಿದರೂ ಹೊಗಳುತ್ತಿದ್ದರು. ಚಹಾ ತಡವಾಯಿತೆಂದು ಅವಳ ಮೇಲೆ ರೇಗಿದವರು, ಸಕ್ಕರೆ ಹೆಚ್ಚಾಯಿತೆಂದು ಮೂತಿ ತಿರುವಿದವರು ತಾವೊಬ್ಬರೇ. ಆ ಸಂಜೆ ಅವಳು ಊಟಕ್ಕೆ ಕೂತಾಗಲೂ ಅದನ್ನೇ ಹೇಳಿಕೊಂಡು ಬೀಗಿದಳು. "ಎಲ್ಲರ ಹಾಗೆ ನನಗೂ ಬೈದ ಕಣೋ!" ಎನ್ನುವಾಗ ಅವಳ ಮುಖ ಅರಳಿದ್ದನ್ನು ತಾವು ನೋಡಬೇಕಿತ್ತು.

ಆದರೆ ಅದೇ ವಾರ ಅವಳ ಪರೀಕ್ಷೆ ನಡೆಯಬೇಕಿತ್ತು. ಒಲೆಯ ಮುಂದೆ ಒಬ್ಬಳೇ ಇರಬಲ್ಲಳೆಂದು ಮೇಡಂ ಕಣ್ಣಾರೆ ಕಂಡು ಹೇಳಿದರೆ ಅವಳ ಮನೆಗೆ ಅವಳು. ಇಲ್ಲವಾದರೆ ಆರೈಕೆ ಕೇಂದ್ರ. ದೊಡ್ಡಣ್ಣ ಅಲ್ಲಿ ಮಂಚ ಕೂಡ ಗೊತ್ತುಮಾಡಿದ್ದ. ಮೇಡಂ ನಿಮ್ಮ ಕಚೇರಿಗೆ ಎಡತಾಕಿ ವಿವರಿಸಿದರು. ಬಂದ ಉತ್ತರ: ಕ್ಯಾಂಟೀನ್ ಪರವಾನಗಿಗೆ ಅರ್ಜಿ ಹಾಕಿ. ಪರವಾನಗಿಗೆ ಏನು ಬೇಕು? ಅಡುಗೆ ಮಾಡುವವರೆಲ್ಲ ಸಂಪೂರ್ಣ ದೇಹದಾರ್ಢ್ಯ ಹೊಂದಿದ್ದಾರೆಂಬ ವೈದ್ಯರ ಪತ್ರ ಬೇಕು! ಹಾಗಿದ್ದರೆ ಆ ಮಹಡಿ ಹತ್ತುವ ಗ್ರಹಚಾರ ನಮಗೇಕೆ ಬರುತ್ತಿತ್ತು? ತರಬೇತಿ ನಿಂತಿಲ್ಲ, ಸಭಾಂಗಣದಲ್ಲಿ ಪರದೆಯ ಮೇಲೆ ತೋರಿಸುತ್ತೇವೆ ಎಂದೂ ತಮ್ಮ ಕಚೇರಿ ಭರವಸೆ ಕೊಟ್ಟಿದೆ. ಪರದೆಯ ಮೇಲೆ ಹಾಲು ಉಕ್ಕಿದರೆ ಯಾರು ಓಡಿಹೋಗಿ ಒಲೆ ಆರಿಸಬೇಕು, ಸ್ವಾಮಿ?

ಕೊನೆಗೆ ಮೇಡಂ ತಮ್ಮ ರಜೆಯ ದಿನ ಅಕ್ಕನ ಮನೆಗೇ ಬಂದರು. ನಾವು ವರ್ಷದ ಧೂಳು ಹೊಡೆದಿಟ್ಟಿದ್ದೆವು. ಅವರು ದೊಡ್ಡಣ್ಣನನ್ನೂ ಕರೆಸಿ, ಅವನನ್ನೂ ನನ್ನನ್ನೂ ನನ್ನ ಹೆಂಡತಿಯನ್ನೂ ಸಾಲಾಗಿ ಕೂರಿಸಿದರು. ಚಹಾ ಕುದಿಯಿತು, ಮೊಟ್ಟೆ ಬೆಂದಿತು. ಇನ್ನೇನು ಎಲ್ಲ ಮುಗಿಯಿತು ಅನ್ನುವಾಗ ಅಕ್ಕನ ಮೊಣಕೈ ತಾಗಿ ಗಾಜಿನ ಲೋಟ ನೆಲಕ್ಕೆ ಬಿದ್ದು ಚೂರುಚೂರಾಯಿತು. ದೊಡ್ಡಣ್ಣ, "ನೋಡಿದ್ರಾ! ನಾನು ಹೇಳಲಿಲ್ವಾ!" ಎಂದು ಹಾರಿ ಎದ್ದ. ಮೇಡಂ ಅಡ್ಡ ನಿಂತರು. ಅಕ್ಕ ಗಾಬರಿಯಾಗಲಿಲ್ಲ. ಮೊದಲು ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿಕೊಂಡಳು. ಕುರ್ಚಿ ಎಳೆದು ಕುಳಿತು, ಉದ್ದ ಹಿಡಿಯ ಪೊರಕೆಯಿಂದ ಚೂರುಗಳನ್ನೆಲ್ಲ ಒಂದೆಡೆ ಗುಡ್ಡೆ ಮಾಡಿದಳು. ಎದ್ದು ಇನ್ನೊಂದು ಲೋಟ ತೆಗೆದಳು. "ಒಡೆಯೋದು ಎಲ್ಲರ ಮನೇಲೂ ಒಡೆಯುತ್ತೆ" ಅಂದರು ಮೇಡಂ, ದೊಡ್ಡಣ್ಣನಿಗೆ. "ಒಡೆದ ಮೇಲೆ ಏನು ಮಾಡಬೇಕು ಅಂತ ಇವರಿಗೆ ಗೊತ್ತಿದೆ. ಇವರು ಒಬ್ಬರೇ ಇರಬಹುದು." ಮೀಸೆ ಹೊತ್ತ ನಮ್ಮ ದೊಡ್ಡಣ್ಣ ಮಗುವಿನ ಹಾಗೆ ಬಿಕ್ಕಿದ. ನನ್ನ ಹೆಂಡತಿ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಹಾಗಾದರೆ ಕೋಣೆ ಇಲ್ಲದೆಯೂ ಕೆಲಸವಾಯಿತಲ್ಲ ಎಂದು ತಾವು ಹಿಗ್ಗಬಹುದು. ಇಲ್ಲ. ಅಕ್ಕ ಅಷ್ಟು ಶಾಂತವಾಗಿ ಆ ಚೂರುಗಳನ್ನು ಗುಡಿಸಿದ್ದು, ನಿಮ್ಮ ಮೂರನೇ ಮಹಡಿಯಲ್ಲಿ ತಿಂಗಳುಗಟ್ಟಲೆ ಚೆಲ್ಲಿ, ಬೀಳಿಸಿ, ಸುಟ್ಟುಕೊಂಡು, ನಕ್ಕು ಕಲಿತದ್ದರಿಂದ. ಮನೆಯಲ್ಲಿ ಒಂದು ಹನಿ ಚೆಲ್ಲಿದರೂ ನಮ್ಮ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ನೋಡಿ ಅವಳು ಮತ್ತೆ ಕೈ ಎತ್ತುತ್ತಿರಲಿಲ್ಲ. ಅಲ್ಲಿ ಚೆಲ್ಲಿದರೆ ಯಾರೂ ಅಳುತ್ತಿರಲಿಲ್ಲ. ಈಗ ಹೊಸ ರೋಗಿಯೊಬ್ಬ ಬಂದಿದ್ದಾನೆ, ಗೋಡೆಗೆ ಬಣ್ಣ ಹೊಡೆದು ಬದುಕುತ್ತಿದ್ದವನು, ಚಿಕ್ಕ ವಯಸ್ಸು. ಅವನ ಹೆಂಡತಿ ಅವನ ಅಂಗಿಯ ಗುಂಡಿ ಹಾಕುತ್ತಾಳೆ, ಬಾಯಿ ಒರೆಸುತ್ತಾಳೆ, ಅವನು ಅವಳ ಮುಖ ನೋಡುವುದನ್ನು ಬಿಟ್ಟಿದ್ದಾನೆ. ಇಬ್ಬರೂ ಕಷ್ಟಪಟ್ಟು ಮೂರು ಮಹಡಿ ಹತ್ತಿ, ನಿಮ್ಮ ಆದೇಶ ಓದಿ, ಹಾಗೇ ಇಳಿದು ಹೋದರು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಬೀಗ ತೆಗೆಸಿ. ಮೊಳೆಯ ಹಲಗೆ, ದಪ್ಪ ಚಮಚ, ಒಂದೂ ಬಿಡದೆ ಹಿಂದಿರುಗಿಸಿ. ಚೆಲ್ಲಲು, ಒಡೆಯಲು, ತಡಮಾಡಲು ಈ ಊರಿನಲ್ಲಿ ನಮಗೊಂದು ಕೋಣೆ ಬೇಕು. ಮುಂದಿನ ಸೋಮವಾರದೊಳಗೆ ಅದು ತೆರೆಯದಿದ್ದರೆ ತರಗತಿ ತಮ್ಮ ಕಚೇರಿಯ ಮೊಗಸಾಲೆಯಲ್ಲಿ ನಡೆಯುತ್ತದೆ. ಇದು ಬೆದರಿಕೆಯಲ್ಲ, ಅಕ್ಕನ ತೀರ್ಮಾನ. ಅವಳ ತೀರ್ಮಾನ ಬದಲಿಸುವ ಶಕ್ತಿ ನನಗಿಲ್ಲ.

ನನಗೀಗ ಯಾವ ಶಕ್ತಿಯೂ ಇಲ್ಲ, ಮಾನ್ಯರೇ. ಮೊನ್ನೆ ಸಂಜೆ ಅಕ್ಕನ ಬಟ್ಟೆಬರೆ ಅವಳ ಮನೆಗೆ ಸಾಗಿಸಿ, ರಾತ್ರಿ ಜೊತೆಗಿರಲು ನನ್ನದೊಂದು ಹಾಸಿಗೆಯನ್ನೂ ಹೊತ್ತುಕೊಂಡು ಹೋದೆ. ಅಕ್ಕ ಹೊಸ್ತಿಲಲ್ಲೇ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದಳು. "ಮನೆಗೆ ಹೋಗು. ನಿನ್ನ ಹೆಂಡತಿ ಕಾಯ್ತಿರ್ತಾಳೆ. ಬರೋದಿದ್ರೆ ಭಾನುವಾರ ಬಾ, ನೆಂಟನ ಹಾಗೆ" ಅಂದಳು. ಎಡಗೈಯಿಂದ ಬಾಗಿಲು ಎಳೆದುಕೊಂಡಳು. ಒಳಗಿನಿಂದ ಚಿಲಕ ಬೀಳುವ ಸದ್ದಿಗೆ ಸ್ವಲ್ಪ ತಡವಾಯಿತು. ನಾನು ಕಾದೆ. ಬಿತ್ತು.

ಇಂತಿ,
ಹಾಸಿಗೆ ಸಮೇತ ಕೆಲಸದಿಂದ ವಜಾಗೊಂಡು ಬೀದಿಯಲ್ಲಿ ನಗುತ್ತಾ ನಿಂತಿದ್ದ ಆರೈಕೆದಾರ,
ಕಂಡಕ್ಟರಮ್ಮನ ತಮ್ಮ