ನೀರೇರುವ ಹೊತ್ತಿಗೆ ಸೊಂಟ ಹಿಡಿದಾಗ

ಅಕ್ಕಾ,

ನೀನು ಮಂಚ ಹಿಡಿದದ್ದು ನೆನಪಿದೆ. ಬಳಚು ಚಿಪ್ಪಿಯ ಬುಟ್ಟಿ ಇಳಿಸುವಾಗ ಸೊಂಟ ಹಿಡಿಯಿತು. ಕುಮಟೆಯ ಡಾಕ್ಟರು, ನೋವು ತಗ್ಗಿದ ಮೇಲೆ ನಿಧಾನವಾಗಿ ಓಡಾಡಿ, ಮಲಗಿಯೇ ಇರಬೇಡಿ ಅಂದಿದ್ದರು. ನೀನು ಕೇಳಿದೆಯಾ? "ಎದ್ರೆ ಮುರ್ದೇ ಹೋಗ್ತದೆ" ಅಂತ ಹೆದರಿದೆ. ಕಾಲು ಸೊರಗುತ್ತಾ ಹೋದವು. ಕಡೆಗೆ ಬಾಗಿಲ ತನಕವೂ ನಡೆಯಲಾಗದೆ, ಆ ಮಂಚದಲ್ಲೇ ಹೋಗಿಬಿಟ್ಟೆ.

ಹೋದ ಅಮಾವಾಸ್ಯೆಯ ಮರುದಿನ ನೀರಿನ ಇಳಿತ ಜೋರಿತ್ತು. ನನಗೂ ಆಗಲೇ ಸೊಂಟನೋವು ಶುರುವಾಗಿತ್ತು. ಆದರೂ ಒಬ್ಬಳೇ ಅಘನಾಶಿನಿ ಹೊಳೆಯ ಕೆಸರಿಗೆ ಇಳಿದೆ. ಬಗ್ಗಿ ಬಗ್ಗಿ ಬಳಚು ಹೆಕ್ಕುತ್ತಾ ಮೈಮರೆತೆ. ನೀರು ತಿರುಗಿ ಏರತೊಡಗಿದ್ದು ಕಂಡು ನೆಟ್ಟಗಾಗಲು ಹೋದೆ, ಸೊಂಟಕ್ಕೆ ಸಿಡಿಲು ಹೊಡೆದಂತಾಯಿತು. ಮಂಡಿಯೂರಿ ಬಿದ್ದವಳಿಗೆ ಏಳಲಾಗಲಿಲ್ಲ.

ಉಪ್ಪುನೀರು ತೊಡೆಗೆ ಬಂದಾಗ, ನನ್ನನ್ನು ಹುಡುಕಿಕೊಂಡು ನಿನ್ನ ಮಗಳು ಮಾದೇವಿ ದಡಕ್ಕೆ ಬಂದಳು.

"ಎಂತ ಆತು ಚಿಕ್ಕಿ?"

"ಸೊಂಟ ಹಿಡ್ದದೆ! ದೋಣಿಯವ್ರು ಯಾರಾದ್ರೂ ಇದ್ರೆ ಕರಿ!"

"ಯಾರೂ ಕಾಣ್ತಿಲ್ಲ!"

ಚಿಕ್ಕವಳಿದ್ದಾಗ ಹೊಳೆಯಲ್ಲಿ ಮುಳುಗಿ ಬದುಕಿದವಳು ಅವಳು. ಆಮೇಲೆ ಪಾದವನ್ನಾದರೂ ನೆನೆಸಿದ್ದಳಾ? ಒಂದು ಹೆಜ್ಜೆ ಇಟ್ಟಳು, ಹಿಂದೆ ಸರಿದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಸೀರೆ ಎತ್ತಿ ಕಟ್ಟಿಕೊಂಡು, ಅಳುತ್ತಲೇ ಬರುತ್ತಿದ್ದಳು.

"ನನ್ನ ಹೆಗಲು ಹಿಡ್ಕ. ಒಂದು ಕಾಲು ಊರು."

"ಬುಟ್ಟಿ..."

"ಬುಟ್ಟಿ ಹಾಳಾಗ್ಲಿ!"

ನಡುವಿನ ತೋಡಿನಲ್ಲಿ ನೀರು ಎದೆಗೆ ಬಂತು. ಅವಳ ಉಗುರು ನನ್ನ ತೋಳಿಗೆ ನಾಟಿತ್ತು. ಯಾರು ಯಾರನ್ನು ಹಿಡಿದಿದ್ದೆವೋ! ದಡ ಸೇರಿ ಇಬ್ಬರೂ ಅಲ್ಲೇ ಕುಳಿತುಬಿಟ್ಟೆವು.

ಅದೇ ಡಾಕ್ಟರು ನನ್ನನ್ನೂ ನೋಡಿದರು. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹಿಡಿದಿದೆ, ನಡೆಯಬೇಕು ಅಂದರು. ನಡೆಯಲೆಂದು ಹೊರಟು ಮನೆಯ ಹೊಸಿಲ ಮುಂದೆ ನಿಂತಾಗ ಕಾಲು ಏಳಲೇ ಇಲ್ಲ ಅಕ್ಕಾ. ಈಗ ದಾಟಿದರೆ ಮುರಿದೇ ಹೋದೀತು ಅನ್ನಿಸಿತು. ನಿನ್ನ ಹೆದರಿಕೆ ಎಂಥದ್ದು ಅಂತ ಆ ಗಳಿಗೆಯಲ್ಲಿ ತಿಳಿಯಿತು. ಮಾದೇವಿ ಕೈ ಚಾಚಿದಳು. ದಾಟಿದೆ. ಈಗ ದಿನಾ ಸಂಜೆ ಗದ್ದೆಯಂಚಿನಲ್ಲಿ ನಡೆಯುತ್ತೇನೆ. ನೋವು ಪೂರ್ತಿ ಹೋಗಿಲ್ಲ. ಕೆಲವು ದಿನ ಬೆಳಿಗ್ಗೆ ಚಾಪೆಯಿಂದ ಏಳುವಾಗ ಕಣ್ಣಲ್ಲಿ ನೀರು ಬರುತ್ತದೆ. ಆದರೂ ಏಳುತ್ತೇನೆ.

ಇನ್ನೊಂದು ಸುದ್ದಿ. ಹೊಳೆಯ ಹತ್ತಿರ ಸುಳಿಯಬೇಡ ಅಂತ ನೀನು ಬೈದು ಬೈದು ಬೆಳೆಸಿದ ಮಗಳು ನಿನ್ನೆ ಕೇಳಿದಳು:

"ಚಿಕ್ಕಿ, ನಂಗೆ ಈಜು ಕಲಿಸ್ತ್ಯಾ?"

ಆತು ಅಂದುಬಿಟ್ಟಿದ್ದೇನೆ. ಮಳೆಗಾಲದೊಳಗೆ, ಅವಳನ್ನು ನೀರಲ್ಲಿ ಎತ್ತಿ ಹಿಡಿಯುವಷ್ಟು ಈ ಬೆನ್ನನ್ನು ಗಟ್ಟಿಮಾಡಿಕೊಳ್ಳುತ್ತೇನೆ.

ನಿನ್ನ ತಂಗಿ