ಎದ್ದು ನಿಂತರೇ ಲೆಕ್ಕ

ರೈಲ್ವೆ ಕಾಲೊನಿ, ವಾಡಿ
ಡಿಸೆಂಬರ್ 14, ಭಾನುವಾರ

ಅಂಬುಜಾ,

ಲಕೋಟೆಯ ಮೇಲೆ ‘ಮಾನ್ಯ ಸದಸ್ಯರು, ವಿಧಾನ ಪರಿಷತ್ತು’ ಎಂದು ಬರೆದಿದ್ದೇನೆ. ಅಂಚೆಯವರಿಗೆ ಅದು ಬೇಕು. ಒಳಗೆ ಏನೆಂದು ಕರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ಹೆಸರನ್ನಷ್ಟೇ ಬರೆದೆ. ನಾನು ಕ್ಷೇಮವಾಗಿದ್ದೇನೆ. ನೀನೂ ಕ್ಷೇಮವೆಂದು ತಿಳಿಯುತ್ತೇನೆ, ಗುರುವಾರ ಸದನದಲ್ಲಿ ಮಾತಿನ ನಡುವೆ ಎರಡು ಸಲ ಕೆಮ್ಮಿದ್ದನ್ನು ಬಿಟ್ಟರೆ. ಬೆಳಗಾವಿಯ ಚಳಿ ನಿನಗೆ ಆಗಿಬರುವುದಿಲ್ಲ. ಕಿವಿ ಮುಚ್ಚಿ ಕಟ್ಟಿಕೊಳ್ಳಬೇಕು.

ಮತದಾನದ ಸುದ್ದಿ ಕೆಲಸದ ನಡುವೆ ಕಿವಿಗೆ ಬಿತ್ತು ಎಂದು ಬರೆಯಲು ಹೊರಟಿದ್ದೆ. ಅದು ನಿಜವಲ್ಲ. ಅರ್ಧ ದಿನ ರಜೆ ಹಾಕಿ, ಪಕ್ಕದ ಕ್ವಾರ್ಟರ್ಸಿನ ಕಮರುನ್ನೀಸಾ ಆಪಾ ಅವರ ಮನೆಯ ಟಿ.ವಿ.ಯಲ್ಲಿ ಎಲ್ಲವನ್ನೂ ನೋಡಿದೆ. ವಿಧೇಯಕದ ಪ್ರತಿಯನ್ನೂ ತರಿಸಿ ಓದಿದ್ದೆ. ನಾನು ಅರ್ಥಮಾಡಿಕೊಂಡದ್ದು ಸರಿಯೇ ನೋಡು: ಫೋನಿನ ಮೂಲಕವೇ ಸಾಲ ಕೊಡುವ, ಉಳಿತಾಯ ಹಿಡಿದುಕೊಳ್ಳುವ ಹೊಸ ಕಂಪನಿಗಳಿಗೆ ಕೆಲವು ನಿಯಮಗಳಿಂದ ಎರಡು ವರ್ಷ ವಿನಾಯಿತಿ. ಆ ಅವಧಿಯಲ್ಲಿ ಅವು ತಮ್ಮ ಹೊಸ ವಿಧಾನಗಳನ್ನು ಚಿತ್ತಾಪುರ, ಸೇಡಂ, ಚಿಂಚೋಳಿ ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಬಹುದು. ಪ್ರಯೋಗಕ್ಕೆ ನನ್ನ ತಕರಾರಿಲ್ಲ. ಪ್ರಯೋಗವಿಲ್ಲದೆ ನನ್ನ ಸಿಗ್ನಲ್ ಇಲಾಖೆಯೂ ನಡೆದಿಲ್ಲ. ತೊಡಕಿದ್ದುದು ಹನ್ನೊಂದನೆಯ ಖಂಡದಲ್ಲಿ. ಕಂಪನಿ ಒಂದು ಸಂದೇಶ ಕಳಿಸುತ್ತದೆ. ಏಳು ದಿನದೊಳಗೆ ಬೇಡವೆನ್ನದವರು ಒಪ್ಪಿದಂತೆ. ನಮ್ಮ ಕಾಲೊನಿಯ ಹಿಂದಿನ ಸಾಲಿನ ಹೀರಾಬಾಯಿಯ ಫೋನು ಸಿಮೆಂಟ್ ಕಾರ್ಖಾನೆಗೆ ಹೋಗುವ ಮಗನ ಕಿಸೆಯಲ್ಲಿರುತ್ತದೆ. ಅವಳು ಬೇಡವೆನ್ನುವುದು ಯಾವಾಗ? ಆ ಖಂಡವನ್ನು ಕೈಬಿಡಬೇಕು, ಪ್ರತಿಯೊಬ್ಬರೂ ಬಾಯಿಬಿಟ್ಟು ಹೂಂ ಎಂದರೆ ಮಾತ್ರ ಸೇರಿಸಿಕೊಳ್ಳಬೇಕು ಎಂಬುದು ನೀನು ತಂದ ತಿದ್ದುಪಡಿ.

ಮತದಾನದ ಹಿಂದಿನ ಭಾನುವಾರ ನೀನು ಫೋನ್ ಮಾಡಿದ್ದೆ. ಹಬ್ಬವಿರಲಿಲ್ಲ, ಯಾರೂ ತೀರಿಕೊಂಡಿರಲಿಲ್ಲ, ಆದ್ದರಿಂದ ಗಾಬರಿಯಾಯಿತು. ಪಕ್ಷ ವಿಪ್ ಕೊಟ್ಟಿದೆ, ತಿದ್ದುಪಡಿಯ ಪರವಾಗಿ ನಿಂತರೆ ಸದಸ್ಯತ್ವವೇ ಹೋಗಬಹುದು ಎಂದೆ. ಆಮೇಲೆ ಕೇಳಿದೆ: “ಅದಿರ್ಲಿ, ನಿಮ್ಮ ಯಂತ್ರದಾಗ ಉತ್ರ ಬರಲಿಲ್ಲಂದ್ರ ಏನಂತ ತಿಳ್ಕೋತೀರಿ?”

“ಅಪಾಯ ಅಂತ. ದೀಪ ಆರಿದ ಸಿಗ್ನಲ್ ಅಂದ್ರ ಕೆಂಪು ಅಂತನೇ ಲೆಕ್ಕ,” ಎಂದೆ ನಾನು.

ನೀನು “ಆಯ್ತು, ಇಡ್ತೀನ್ರಿ,” ಎಂದು ಇಟ್ಟುಬಿಟ್ಟೆ.

ಇಟ್ಟ ಮೇಲೆ ನನಗೆ ಹೊಳೆದದ್ದು, ಆ ಉತ್ತರ ನಿನಗೆ ಮೊದಲೇ ಗೊತ್ತಿತ್ತು. ನಮ್ಮ ಮದುವೆಯಾದ ಹೊಸತು. ಹಿತ್ತಲಲ್ಲಿ ಶಹಾಬಾದ್ ಫರ್ಸಿಯ ಹಾಸುಗಲ್ಲಿನ ಮೇಲೆ ನೀರು ಚಿಮುಕಿಸಿ ಕೂರುತ್ತಿದ್ದೆವು. ಬಿಸಿಲು ಕುಡಿದ ಕಲ್ಲಿನಿಂದ ಹೊಗೆಯಂತೆ ಆವಿ ಏಳುತ್ತಿತ್ತು. ಬೇವಿನ ಎಲೆಗಳ ಮೇಲೆ ಸಿಮೆಂಟಿನ ಪುಡಿ ಕೂತಿರುತ್ತಿತ್ತು. ಅದನ್ನು ಬೆರಳಿಂದ ಒರೆಸಿ ನೀನು ಎಲೆಯ ಹಸಿರು ಹುಡುಕುತ್ತಿದ್ದೆ. ಒಂದು ಸಂಜೆ ರಾಯಚೂರು ಕಡೆಯ ಸಿಗ್ನಲ್ಲಿನ ದೀಪ ಆರಿತು. “ಈಗ ಗಾಡಿ ಹೋಗ್ತದೇನ್ರೀ, ನಿಲ್ತದೇನ್ರೀ?” ಎಂದು ನೀನು ಕೇಳಿದೆ. ನಿಲ್ಲುತ್ತದೆ ಎಂದೆ ನಾನು. ನೀನು ನಂಬದೆ ಗೋಡೆ ಹತ್ತಿ ನೋಡಿದೆ. ಗೂಡ್ಸ್ ಗಾಡಿ ಬಂದು, ಸಿಗ್ನಲ್ಲಿನ ಮುಂದೆ ನಿಂತು, ಸೀಟಿ ಹಾಕಿತು. ನೀನು ಗೋಡೆಯ ಮೇಲಿಂದ ಚಪ್ಪಾಳೆ ತಟ್ಟಿದೆ, ನಾನೇ ನಿಲ್ಲಿಸಿದವನೆಂಬಂತೆ. ನಾನು ದೀಪ ಸರಿಮಾಡಿಸಲು ಓಡಿದೆ. ಮರಳಿದಾಗ ರೊಟ್ಟಿ ಆರಿತ್ತು, ನೀನು ಉಂಡಿರಲಿಲ್ಲ.

ಹಾಗಿದ್ದ ಮೇಲೆ ಫೋನ್ ಮಾಡಿ ಯಾಕೆ ಕೇಳಿದೆಯೋ ತಿಳಿಯದು. ಇರಲಿ.

ಗುರುವಾರದ ವಿಷಯಕ್ಕೆ ಬರುತ್ತೇನೆ. ಆಪಾ ಅವರ ಮನೆಯಲ್ಲಿ ನಿನ್ನ ಹಳೆಯ ಭಿಸಿಯ ಹೆಂಗಸರೆಲ್ಲ ಕೂಡಿದ್ದರು. ತಿಂಗಳಿಗೊಮ್ಮೆ ಹಣ ಕೂಡಿಸಿ, ಚೀಟಿ ಎತ್ತಿ, ಹೆಸರು ಬಂದವರಿಗೆ ಕೊಡುವ ಆ ಪದ್ಧತಿ ಈಗಲೂ ನಡೆದಿದೆ. ನೀನು ನಾಯಕಿಯಾಗಿದ್ದಾಗ ಏಜೆಂಟನೊಬ್ಬ ಬಂದು, ಭಿಸಿಯನ್ನು ತನ್ನ ಕಂಪನಿಗೆ ಜೋಡಿಸಿ ಎಂದದ್ದು ನೆನಪಿದೆಯೇ? ಯಾರೂ ಮಾತಾಡಲಿಲ್ಲ. “ಎಲ್ಲಾರೂ ಸುಮ್ಮ ಕುಂತೀರಿ, ಅಂದ್ರ ಒಪ್ಪಿದಂಗ ಆತಲ್ಲ?” ಎಂದು ನೀನೇ ಕೇಳಿದೆ. ಆಪಾ ತಕ್ಷಣ, “ಏ ಅಂಬುಜಾ, ಹೀರಾಬಾಯಿ ಬಾಯಾಗ ಎಲಿ ಅಡಕಿ ಅದ, ಅದಕ್ಕ ಸುಮ್ಮ ಕುಂತಾಳ. ಅದು ಒಪ್ಪಿಗಿ ಹ್ಯಾಂಗ ಆಗ್ತದವ್ವಾ? ಎದ್ದು ನಿಂತು ಹೇಳ್ಲಿ,” ಎಂದರು. ಹೀರಾಬಾಯಿ ಹೊರಗೆ ಹೋಗಿ ಉಗಿದು ಬಂದು, ಎದ್ದು ನಿಂತು, “ನನಗ ಬ್ಯಾಡ,” ಎಂದಳು. ಹಿಂದೆಯೇ ಉಳಿದವರೂ ಎದ್ದರು. ಅಂದಿನಿಂದ ಭಿಸಿಯಲ್ಲಿ ಎದ್ದು ನಿಂತು ಹೇಳಿದ್ದೇ ಲೆಕ್ಕ.

ಸದನದಲ್ಲಿ ನೀನು ಒಬ್ಬ ಸಿಗ್ನಲ್ ಎಂಜಿನಿಯರನ ಮಾತನ್ನು ಉದಾಹರಿಸಿದೆ. ಆರಿದ ದೀಪವನ್ನು ಯಾವ ಡ್ರೈವರೂ ಹಸಿರೆಂದು ಓದುವುದಿಲ್ಲ, ನಮ್ಮ ಊರಿನ ಹೆಂಗಸರ ಮೌನವನ್ನು ಸರಕಾರ ಹೇಗೆ ಹಸಿರೆಂದು ಓದುತ್ತದೆ ಎಂದು ಕೇಳಿದೆ. ತಾಂತ್ರಿಕವಾಗಿ ನಿನ್ನ ಮಾತಿನಲ್ಲಿ ದೋಷವಿರಲಿಲ್ಲ.

ಧ್ವನಿಮತದಲ್ಲಿ ತಿದ್ದುಪಡಿ ಬಿತ್ತೆಂದು ಸಭಾಪತಿಗಳು ಹೇಳುವಷ್ಟರಲ್ಲಿ ನೀನು ಮತ ವಿಭಜನೆ ಕೇಳಿದೆ. ಸಾಲುಸಾಲಾಗಿ ಎಬ್ಬಿಸಿ ನಿಲ್ಲಿಸಿ ಎಣಿಸತೊಡಗಿದಾಗ ಆಪಾ ತೊಡೆ ತಟ್ಟಿ ನಕ್ಕರು: “ನೋಡ್ರೇ, ನಮ್ಮ ಭಿಸಿ ಬೆಳಗಾವಿಗಿ ಹೋಗ್ಯದ!” ವಿರೋಧ ಪಕ್ಷದವರು ಎದ್ದರು. ನಿನ್ನ ಪಕ್ಷದ ಸಾಲುಗಳ ಸರದಿ ಬಂತು. ನೀನೊಬ್ಬಳೇ ಎದ್ದೆ. ನಿನ್ನ ಪಕ್ಕದವರು ಸೆರಗು ಹಿಡಿದು ಎಳೆದದ್ದು ಟಿ.ವಿ.ಯಲ್ಲಿ ಕಾಣಿಸಿತು.

ಇಲ್ಲಿ ಆಪಾ ಅವರ ಮನೆಯಲ್ಲಿ ಹೀರಾಬಾಯಿ ಎದ್ದು ನಿಂತಳು. ಅವಳ ಹಿಂದೆ ಎಲ್ಲರೂ ಎದ್ದರು. ನಾನು ಬಾಗಿಲ ಬಳಿ ಮೊದಲೇ ನಿಂತಿದ್ದೆ ಎಂದೆ. ಆಪಾ ತಿರುಗಿ ನೋಡಿದರು. “ಚೌಕಟ್ಟಿಗಿ ಆನ್ಕೊಂಡ್ ನಿಂತಿದ್ದು ಲೆಕ್ಕಕ್ಕ ಬರಂಗಿಲ್ರಿ ಸಾಬ್. ಏನರೆ ಅನ್ರಿ. ಬಾಯಾಗ ವಾಡಿ ಸಿಮೆಂಟ್ ಹಾಕ್ಕೊಂಡೀರೇನು?” ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಏನೂ ಅನ್ನಲಿಲ್ಲ.

ತಿದ್ದುಪಡಿ ಐದು ಮತಗಳಿಂದ ಸೋತಿತು. ವಿಧೇಯಕ ಅಂಗೀಕಾರವಾಯಿತು. ಪಕ್ಷ ನಿನಗೆ ನೋಟಿಸು ಕೊಟ್ಟದ್ದನ್ನು ಪತ್ರಿಕೆಯಲ್ಲಿ ಓದಿದೆ. ಆ ಬಗ್ಗೆ ನನಗೆ ತಿಳಿವಳಿಕೆ ಕಡಿಮೆ, ಸಮಾಧಾನ ಹೇಳಲಾರೆ. ಇಷ್ಟು ಮಾತ್ರ ತಿಳಿಸಬಲ್ಲೆ: ಶುಕ್ರವಾರದಿಂದ ಆಪಾ ಮನೆಮನೆಗೆ ಹೋಗಿ, ಸಂದೇಶ ಬಂದರೆ ಬೇಡವೆನ್ನುವುದು ಹೇಗೆಂದು ಹೇಳಿಕೊಡುತ್ತಿದ್ದಾರೆ. ಹೀರಾಬಾಯಿ ಮಗನ ಕಿಸೆಯಿಂದ ತನ್ನ ಫೋನನ್ನು ವಾಪಸು ಪಡೆದಿದ್ದಾಳೆ. ನಾಳೆ ಇಬ್ಬರೂ ದಂಡೋತಿಗೆ ಹೋಗುತ್ತಾರಂತೆ. ಅದು ನನ್ನ ಊರಾದ್ದರಿಂದ ನಾನೂ ಜೊತೆಗಿರುತ್ತೇನೆ.

ಏಳು ವರ್ಷದ ಹಿಂದೆ ನೀನು ಮೊದಲ ಅಧಿವೇಶನಕ್ಕೆ ಹೊರಟ ದಿನ ಇದೇ ಊರಿನ ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನೊಂದು ಮಾತು ಕೇಳಿದ್ದೆ: “ಮುಗದ ಮ್ಯಾಲ ಇಲ್ಲಿಗೇ ಬರ್ಲೇನ್ರೀ, ಕಲಬುರಗ್ಯಾಗ ಮನಿ ಹಿಡೀಲೇನು?” ಎರಡು ಕೋಣೆಯ ಕ್ವಾರ್ಟರ್ಸಿಗೆ ನಿನ್ನನ್ನು ಕಟ್ಟಿಹಾಕಬಾರದೆಂದು ನಾನು ಸಿಗ್ನಲ್ಲಿನ ಕಡೆ ನೋಡುತ್ತ ನಿಂತೆ. ನನ್ನ ಮೌನ ಒಪ್ಪಿಗೆಯಂತೆ ಕಾಣುತ್ತದೆಂದು ಭಾವಿಸಿದ್ದೆ. ನೀನು ಅದನ್ನು ಕೆಂಪೆಂದು ಓದಿ ಕಲಬುರಗಿಯಲ್ಲಿ ಮನೆ ಹಿಡಿದೆ. ನಿಯಮದ ಪ್ರಕಾರ ನೀನು ಓದಿದ್ದೇ ಸರಿ.

ಹಿತ್ತಲಿನ ಫರ್ಸಿ ಒಂದು ಕಡೆ ಎದ್ದಿತ್ತು, ಕೂರಿಸಿದ್ದೇನೆ. ಕೆಮ್ಮಿಗೆ ಔಷಧ ತೆಗೆದುಕೋ.

ಇಂತು,
ದಿಲೀಪ

ಮ.ಸೂ.: ‘ಒಬ್ಬ ಸಿಗ್ನಲ್ ಎಂಜಿನಿಯರ್’ ಎಂದು ಮೇಲೆ ಬರೆದೆ. ನೀನು ಹಾಗೆ ಹೇಳಲಿಲ್ಲ. ಇಡೀ ಸದನದ ಎದುರು ‘ನಮ್ಮ ಮನಿಯವ್ರು’ ಎಂದೆ. ಆಪಾ ಟಿ.ವಿ.ಯ ಸದ್ದು ಹೆಚ್ಚಿಸಿದರು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ನಡಾವಳಿಯನ್ನು ತಿದ್ದಲು ನಿನ್ನ ಕೈಗೆ ಕೊಡುತ್ತಾರೆಂದು ಕೇಳಿದ್ದೇನೆ. ಆ ಎರಡು ಪದಗಳನ್ನು ಹಾಗೇ ಬಿಡು. ಈ ಸಾಲುಗಳನ್ನು ಎದ್ದು ನಿಂತು ಬರೆಯುತ್ತಿದ್ದೇನೆ, ಏನನ್ನೂ ಆನಿಕೊಂಡಿಲ್ಲ: ಹೂಂ, ಇಲ್ಲಿಗೇ ಬಾ.